ಐವತ್ತು ದಾಟಿದ ಮೇಲೆ ಬ್ರೆಜಿಲಿಗೆ ಕೆಲಸಕ್ಕೆ ಹೋಗುವುದಾದರೆ

(ವಲಸೆ ಕಾರ್ಮಿಕರು ಮತ್ತು ಅವರ ಕುಟುಂಬದವರಿಗಾಗಿ ನಡೆದ ಮಾಹಿತಿ ಶಿಬಿರದಲ್ಲಿ ನಮ್ಮ ಸಮಾಜ ಸೇವಾ ಸಂಸ್ಥೆಯ ಪರವಾಗಿ ನೀಡಿದ ಉಪನ್ಯಾಸದ ಬರಹ ರೂಪ)



ನಮ್ಮ ಧರ್ಮಕೇಂದ್ರಗಳಲ್ಲಿ ಗಲ್ಫ್ ದೇಶಗಳಿಂದ ಹಿಂದೆ ಬಂದವರ ಮನೆಗಳು ಬಹಳ ಉಂಟು. ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್, ಎ.ಸಿ. ಮೆಕ್ಯಾನಿಕ್, ಸೂಪರ್‌ವೈಸರ್ ಆಗಿ ಇಪ್ಪತ್ತು, ಇಪ್ಪತ್ತೈದು ವರ್ಷ ದುಡಿದವರು. ಸೌದಿಯಲ್ಲಿ 2011ರಲ್ಲಿ ನಿತಾಕತ್ ಬಂತು, 2020ರಲ್ಲಿ ಕೋವಿಡ್ ಬಂತು. ಕೆಲಸ ಹೋಯಿತು, ಆದರೆ ಜವಾಬ್ದಾರಿ ಹೋಗಲಿಲ್ಲ. ಮಕ್ಕಳ ಓದು ಮುಗಿದಿಲ್ಲ, ಮನೆಯ ಸಾಲ ತೀರಿಲ್ಲ, ವಯಸ್ಸು ಮಾತ್ರ ಐವತ್ತು ದಾಟಿತು. ಇಂಥವರು ನಮ್ಮ ಹತ್ತಿರ ಬಂದು, "ಬೇರೆ ಯಾವ ದೇಶಕ್ಕೆ ಹೋಗಬಹುದು? ಬ್ರೆಜಿಲ್‌ನಲ್ಲಿ ಕೆಲಸ ಉಂಟಂತೆ, ಹೌದಾ?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಇವತ್ತು ವಿವರವಾಗಿ ಉತ್ತರ ಕೊಡಲು ಪ್ರಯತ್ನಿಸುತ್ತೇವೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಬ್ರೆಜಿಲ್‌ನ ಬಾಗಿಲು ವಯಸ್ಸಾದವರಿಗೆ ಮುಚ್ಚಿಲ್ಲ. ಆದರೆ ಅದು ಕೆಲಸ ಹುಡುಕಿಕೊಂಡು ಹೋಗುವ ದೇಶ ಅಲ್ಲ, ಕೆಲಸ ಗಟ್ಟಿ ಮಾಡಿಕೊಂಡು ಹೋಗುವ ದೇಶ. ಕೈಯಲ್ಲಿ ಕಸುಬು ಇದ್ದರೆ ಸಾಲದು, ಆ ಕಸುಬು ಕಾಗದದಲ್ಲಿಯೂ ಇರಬೇಕು, ಸ್ವಲ್ಪವಾದರೂ ಪೋರ್ಚುಗೀಸ್ ಭಾಷೆಯಲ್ಲಿಯೂ ಇರಬೇಕು. ಮೂವತ್ತರ ಹುಡುಗ ಎರಡು ವರ್ಷ ಕಳೆದುಕೊಂಡರೆ ಮತ್ತೆ ಸಂಪಾದಿಸಬಹುದು. ಐವತ್ತೆರಡರ ತಂದೆಗೆ ಆ ಎರಡು ವರ್ಷ ಮತ್ತೆ ಸಿಗುವುದಿಲ್ಲ.

ಬ್ರೆಜಿಲ್ ಗಲ್ಫ್ ಅಲ್ಲ

ಗಲ್ಫ್‌ನಲ್ಲಿ ನಾವು ಕಂಡದ್ದು, ಕೆಲಸ ಮಾಡುವವರೆಲ್ಲ ಹೊರಗಿನವರು. ಬ್ರೆಜಿಲ್ ಹಾಗಲ್ಲ. ಅದು ಇಪ್ಪತ್ತು ಕೋಟಿಗಿಂತ ಹೆಚ್ಚು ಜನ ಇರುವ ದೇಶ. ಅಲ್ಲಿನ ಕಾರ್ಖಾನೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ದುಡಿಯುವವರು ಅಲ್ಲಿಯವರೇ. ಸೆನಾಯ್ ಎಂಬ ಕೈಗಾರಿಕಾ ತರಬೇತಿ ಸಂಸ್ಥೆ 1942ರಿಂದ ನಮ್ಮ ಐ.ಟಿ.ಐ.ಗಳ ಹಾಗೆ ಟರ್ನರ್, ಫಿಟ್ಟರ್, ಎಲೆಕ್ಟ್ರಿಷಿಯನ್‌ಗಳನ್ನು ತಯಾರು ಮಾಡುತ್ತಾ ಬಂದಿದೆ. ನಾವು ಸ್ಪರ್ಧೆ ಮಾಡಬೇಕಾದದ್ದು ಅವರ ಜೊತೆ.

ಅದರ ಮೇಲೆ ಒಂದು ಕಾನೂನು ಉಂಟು. 1943ರ ಅಲ್ಲಿನ ಕಾರ್ಮಿಕ ಸಂಹಿತೆಯ ಪ್ರಕಾರ ಕಂಪನಿಯ ನೌಕರರಲ್ಲಿ ಮೂರರಲ್ಲಿ ಎರಡು ಪಾಲು ಬ್ರೆಜಿಲಿಯನ್ನರು ಇರಬೇಕು. ತಲೆ ಲೆಕ್ಕದಲ್ಲಿ ಮಾತ್ರ ಅಲ್ಲ, ಸಂಬಳದ ಲೆಕ್ಕದಲ್ಲಿಯೂ. ಹಾಗಾಗಿ ಸಾಮಾನ್ಯ ಕೆಲಸಕ್ಕೆ ಯಾರೂ ವಿದೇಶಿಯನ್ನು ಕರೆಸುವುದಿಲ್ಲ. ಕರೆಸುವುದು ಆ ಕೆಲಸ ಗೊತ್ತಿರುವವರು ಅಲ್ಲಿ ಸುಲಭದಲ್ಲಿ ಸಿಗದಿದ್ದಾಗ ಮಾತ್ರ. ನಿಮ್ಮ ವಯಸ್ಸು ಮತ್ತು ಅನುಭವಕ್ಕೆ ಬೆಲೆ ಬರುವುದು ಕೂಡ ಅಲ್ಲಿಯೇ. ಇಪ್ಪತ್ತು ವರ್ಷ ರಿಫೈನರಿ ಶಟ್‌ಡೌನ್ ಮಾಡಿಸಿದವರು, ದೊಡ್ಡ ಟರ್ಬೈನ್ ಬಿಚ್ಚಿ ಜೋಡಿಸಿದವರು, ವೆಲ್ಡಿಂಗ್ ಇನ್‌ಸ್ಪೆಕ್ಷನ್ ಮಾಡಿದವರು "ನನಗೆ ಎಲ್ಲ ಕೆಲಸ ಬರ್ತದೆ" ಎಂದು ಹೇಳುವುದು ಬೇಡ. "ಈ ಒಂದು ಕೆಲಸ ನನ್ನಷ್ಟು ಗೊತ್ತಿರುವವರು ಕಡಿಮೆ" ಎಂದು ತೋರಿಸಬೇಕು.

ಕೆಲಸ ಇರುವುದು ಎಲ್ಲಿ?

ಸಮುದ್ರದ ಎಣ್ಣೆ ಕೆಲಸಕ್ಕೆ ರಿಯೋ ದ ಜನೈರೊ ರಾಜ್ಯದ ಮಕಾಯೆ ಪಟ್ಟಣ ಕೇಂದ್ರ. ಪೆಟ್ರೋಬ್ರಾಸ್ ಮತ್ತು ಅದರ ಗುತ್ತಿಗೆ ಕಂಪನಿಗಳು ಅಲ್ಲಿ ಇವೆ. ಮೋಟಾರು ವಾಹನಗಳಿಗೆ ಸಾವೊ ಪಾವ್ಲೊ ನಗರದ ಪಕ್ಕದ ಸಾಂತೊ ಆಂದ್ರೆ, ಸಾವೊ ಬೆರ್ನಾರ್ದೊ ಪಟ್ಟಣಗಳು. ವಿಮಾನ ತಯಾರಿಸುವ ಎಂಬ್ರಾಯರ್ ಇರುವುದು ಸಾವೊ ಜೊಸೆ ದೊಸ್ ಕಾಂಪೊಸ್‌ನಲ್ಲಿ. ದಕ್ಷಿಣದ ಸಾಂತಾ ಕತರೀನ ರಾಜ್ಯದಲ್ಲಿ ಫೌಂಡ್ರಿ, ಮೋಟಾರು, ಯಂತ್ರಗಳ ಕೆಲಸ. ವಿದ್ಯುತ್ ಮೋಟಾರಿಗೆ ಹೆಸರಾದ ವೆಗ್ ಕಂಪನಿ 1961ರಲ್ಲಿ ಆರಂಭವಾದದ್ದು ಅಲ್ಲಿನ ಜರಾಗ್ವಾ ದೊ ಸುಲ್‌ನಲ್ಲಿ. ಕಂಪ್ಯೂಟರ್ ಕೆಲಸಕ್ಕೆ ಸಾವೊ ಪಾವ್ಲೊ, ಕಾಂಪಿನಾಸ್, ಫ್ಲೊರಿಯಾನೊಪೊಲಿಸ್, ರೆಸಿಫೆ.

ನಮ್ಮ ರಾಜ್ಯಕ್ಕೂ ಬ್ರೆಜಿಲಿಗೂ ಸಂಬಂಧ ಇಲ್ಲದೆ ಇಲ್ಲ. ಧಾರವಾಡದ ಬಸ್ ಕಾರ್ಖಾನೆ ಆರಂಭವಾದದ್ದು ಟಾಟಾ ಮತ್ತು ಬ್ರೆಜಿಲ್‌ನ ಮಾರ್ಕೊಪೊಲೊ ಸೇರಿ 2006ರಲ್ಲಿ ಮಾಡಿಕೊಂಡ ಪಾಲುದಾರಿಕೆಯಿಂದ. ಬೆಂಗಳೂರಿನ ಇನ್ಫೋಸಿಸ್ 2009ರಿಂದ ಬೆಲೊ ಒರಿಜೊಂತೆಯಲ್ಲಿ ಕೇಂದ್ರ ನಡೆಸುತ್ತಿದೆ. ಬೆಳಗಾವಿಯ ರೇಣುಕಾ ಶುಗರ್ಸ್ 2010ರ ಹೊತ್ತಿಗೆ ಅಲ್ಲಿ ಸಕ್ಕರೆ ಕಾರ್ಖಾನೆಗಳನ್ನು ಕೊಂಡಿತ್ತು, 2015ರಲ್ಲಿ ಅದರ ಬ್ರೆಜಿಲ್ ಅಂಗಸಂಸ್ಥೆ ಸಾಲದ ಹೊರೆಯಿಂದ ನ್ಯಾಯಾಲಯದ ರಕ್ಷಣೆ ಕೇಳಬೇಕಾಯಿತು. ಇದರಿಂದ ಎರಡು ಪಾಠ. ಎರಡೂ ದೇಶದಲ್ಲಿ ಕಾಲಿಟ್ಟಿರುವ ಕಂಪನಿಯಲ್ಲಿ ಇಲ್ಲಿಯೇ ಸೇರಿ ಅಲ್ಲಿಗೆ ಹೋಗುವುದು ಸುಲಭದ ದಾರಿ. ಆದರೆ ಕಂಪನಿ ನಮ್ಮವರದ್ದೇ ಆದರೂ ಕರಾರು ಪತ್ರ ಓದದೆ ಸಹಿ ಹಾಕಬಾರದು.

ವೀಸಾ: ಅರ್ಜಿ ಹಾಕುವವರು ಯಾರು?

ಬ್ರೆಜಿಲ್‌ನಲ್ಲಿ ಈಗ ಇರುವುದು 2017ರ ವಲಸೆ ಕಾನೂನು. 1980ರ ಹಳೆಯ ಕಾನೂನಿಗಿಂತ ಇದು ವಿದೇಶಿಯರ ಬಗ್ಗೆ ಹೆಚ್ಚು ಮಾನವೀಯವಾದದ್ದು. ಆದರೆ ಕೆಲಸದ ವೀಸಾಕ್ಕೆ ಮಾಮೂಲಿ ದಾರಿ ಇದು: ಅಲ್ಲಿನ ಕಂಪನಿ ನಿಮಗೆ ಕರಾರು ಕೊಡಬೇಕು, ಆ ಕಂಪನಿಯೇ ಅಲ್ಲಿನ ಸರ್ಕಾರಕ್ಕೆ ಅರ್ಜಿ ಹಾಕಬೇಕು, ನಿಮ್ಮ ಓದು ಮತ್ತು ಅನುಭವ ಆ ಹುದ್ದೆಗೆ ಹೊಂದುತ್ತದೆ ಎಂದು ದಾಖಲೆ ತೋರಿಸಬೇಕು. ಒಪ್ಪಿಗೆ ಬಂದ ಮೇಲೆ ಇಲ್ಲಿನ ಬ್ರೆಜಿಲ್ ರಾಯಭಾರ ಕಚೇರಿ ವೀಸಾ ಹಾಕುತ್ತದೆ. ಮೊದಲಿಗೆ ಎರಡು ವರ್ಷದವರೆಗೆ ಸಿಗ್ತದೆ. ಆಮೇಲೂ ಕೆಲಸ ಮುಂದುವರಿದರೆ ಖಾಯಂ ವಾಸಕ್ಕೆ ದಾರಿ ಉಂಟು. ಈ ವಿಷಯದಲ್ಲಿ ಬ್ರೆಜಿಲ್ ಗಲ್ಫ್‌ಗಿಂತ ಮೇಲು: ಅಲ್ಲಿ ನೆಲೆಸಬಹುದು, ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದು, ನಾಲ್ಕು ವರ್ಷ ವಾಸದ ನಂತರ ಪೌರತ್ವ ಕೇಳಲಿಕ್ಕೂ ಅವಕಾಶ ಉಂಟು. (ಬೇರೆ ದೇಶದ ಪೌರತ್ವ ಪಡೆದರೆ ಭಾರತದ ಪೌರತ್ವ ಹೋಗ್ತದೆ, ಅದನ್ನು ಮರೆಯಬಾರದು.)

ಬೇರೆ ಕೆಲವು ದಾರಿಗಳೂ ಇವೆ. ವಿದೇಶಿ ಕಂಪನಿ ತನ್ನ ಯಂತ್ರವನ್ನು ಅಲ್ಲಿ ಕೂರಿಸಲು, ರಿಪೇರಿ ಮಾಡಲು, ಕಲಿಸಲು ತನ್ನ ಟೆಕ್ನಿಷಿಯನ್‌ನನ್ನು ಕಳುಹಿಸುವ ತಾಂತ್ರಿಕ ನೆರವಿನ ಅನುಮತಿ ಒಂದು. ಸಂಬಳ ಹೊರಗಿನ ಕಂಪನಿಯದ್ದೇ. ಅನುಭವಸ್ಥರಿಗೆ ಇದು ಒಳ್ಳೆಯ ದಾರಿ, ಯಾಕೆಂದರೆ ಇಂಥ ಕೆಲಸಕ್ಕೆ ಹಳಬರನ್ನೇ ಕಳುಹಿಸುತ್ತಾರೆ. ಇನ್ನೊಂದು, ಬೇರೆ ದೇಶದ ಕಂಪನಿಗೆ ಕಂಪ್ಯೂಟರ್ ಮೂಲಕ ಕೆಲಸ ಮಾಡುತ್ತಾ ಬ್ರೆಜಿಲ್‌ನಲ್ಲಿ ವಾಸಿಸುವವರಿಗೆ 2022ರಿಂದ ಸಿಗುತ್ತಿರುವ ವೀಸಾ. ಇದಕ್ಕೆ ತಿಂಗಳಿಗೆ 1,500 ಡಾಲರ್ ಆದಾಯ ಅಥವಾ ಬ್ಯಾಂಕಿನಲ್ಲಿ 18,000 ಡಾಲರ್ ತೋರಿಸಬೇಕು. ಡ್ರಾಯಿಂಗ್, ಡಿಸೈನ್, ಸಾಫ್ಟ್‌ವೇರ್ ಕೆಲಸದವರಿಗೆ ಆದೀತು, ವೆಲ್ಡರಿಗೆ ಆಗುವುದಿಲ್ಲ.

ಪ್ರವಾಸಿ ವೀಸಾದಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲ. "ಹೋಗಿ, ಅಲ್ಲಿ ಕೆಲಸ ಸಿಕ್ಕಿದ ಮೇಲೆ ಸರಿ ಮಾಡಿಕೊಳ್ಳುವ" ಎಂದು ಯಾರಾದರೂ ಹೇಳಿದರೆ, ಅಷ್ಟು ದಿನದ ಊಟ, ಬಾಡಿಗೆ ಯಾರು ಕೊಡ್ತಾರೆ ಎಂದು ಅವರನ್ನೇ ಕೇಳಿ.

ಕೈಯ ಕಸುಬು ಕಾಗದಕ್ಕೆ ಬರಬೇಕು

ನಮ್ಮವರು ಹೆಚ್ಚಾಗಿ ಸೋಲುವುದು ಇಲ್ಲಿ. ಇಪ್ಪತ್ತು ವರ್ಷದ ಕೆಲಸಕ್ಕೆ ಒಂದು ಸರಿಯಾದ ಪತ್ರ ಇರುವುದಿಲ್ಲ. ಹಳೆಯ ಕಂಪನಿ ಮುಚ್ಚಿರ್ತದೆ, ಪತ್ರದಲ್ಲಿ ಹುದ್ದೆಯ ಹೆಸರು ಒಂದು, ಮಾಡಿದ ಕೆಲಸ ಇನ್ನೊಂದು. ಇವತ್ತೇ ಕುಳಿತು ಪಟ್ಟಿ ಮಾಡಿ: ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಕಂಪನಿ, ಯಾವ ಯಂತ್ರ, ಯಾವ ಕೆಲಸ. ಸಿಗುವ ಅನುಭವ ಪತ್ರಗಳನ್ನೆಲ್ಲ ಈಗಲೇ ತರಿಸಿಕೊಳ್ಳಿ.

ನಂತರ ಅಪೊಸ್ಟಿಲ್. ಭಾರತ 2005ರಿಂದ, ಬ್ರೆಜಿಲ್ 2016ರಿಂದ ಈ ವ್ಯವಸ್ಥೆಯಲ್ಲಿ ಇವೆ. ನಮ್ಮ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಇದ್ದರೆ ಇಲ್ಲಿನ ಸರ್ಟಿಫಿಕೇಟ್ ಅಲ್ಲಿ ನಡೆಯುತ್ತದೆ. ಅಪೊಸ್ಟಿಲ್ ವ್ಯವಸ್ಥೆ ಇಲ್ಲದ ದೇಶದ ಪತ್ರವಾದರೆ ಆ ದೇಶದಲ್ಲಿರುವ ಬ್ರೆಜಿಲ್ ಕಚೇರಿಯ ಮುದ್ರೆ ಬೇಕು. ಗಲ್ಫ್‌ನ ಪತ್ರ ಇಟ್ಟುಕೊಂಡವರು ತಮ್ಮ ದೇಶ ಯಾವುದರಲ್ಲಿ ಬರುತ್ತದೆ ಎಂದು ನೋಡಿಕೊಳ್ಳಬೇಕು. ಆಮೇಲೆ ಬ್ರೆಜಿಲ್ ಸರ್ಕಾರ ಒಪ್ಪಿದ, ಪ್ರಮಾಣವಚನ ಪಡೆದ ಭಾಷಾಂತರಕಾರರಿಂದ ಪೋರ್ಚುಗೀಸಿಗೆ ತರ್ಜುಮೆ ಆಗಬೇಕು. ಇಲ್ಲಿ ಪಕ್ಕದ ಅಂಗಡಿಯಲ್ಲಿ ಮಾಡಿಸಿದ ತರ್ಜುಮೆ ಅಲ್ಲಿ ನಡೆಯುವುದಿಲ್ಲ, ದುಡ್ಡು ದಂಡ.

ಎಂಜಿನಿಯರ್ ಎಂದು ಸಹಿ ಹಾಕಿ ಕೆಲಸ ಮಾಡಬೇಕಾದರೆ ಇನ್ನೊಂದು ಮೆಟ್ಟಿಲು ಉಂಟು. ಅಲ್ಲಿನ ಸಾರ್ವಜನಿಕ ವಿಶ್ವವಿದ್ಯಾಲಯ ನಿಮ್ಮ ಪದವಿಯನ್ನು ಮಾನ್ಯ ಮಾಡಬೇಕು, ಆಮೇಲೆ ಕ್ರೇಯ ಎಂಬ ಪ್ರಾದೇಶಿಕ ಎಂಜಿನಿಯರಿಂಗ್ ಮಂಡಳಿಯಲ್ಲಿ ಹೆಸರು ದಾಖಲಾಗಬೇಕು. ಡಿಪ್ಲೊಮಾ ಮಟ್ಟದ ತಾಂತ್ರಿಕ ಉದ್ಯೋಗದವರಿಗೆ 2018ರ ಕಾನೂನಿನಿಂದ ಪ್ರತ್ಯೇಕ ಮಂಡಳಿ ಬಂದಿದೆ.

ಕೈಕೆಲಸದವರಿಗೆ ಸುರಕ್ಷತಾ ನಿಯಮಗಳ ತರಬೇತಿ ಕಡ್ಡಾಯ. ಎನ್.ಆರ್. ಎಂಬ ಹೆಸರಿನ ನಿಯಮಗಳು ಇವು. ವಿದ್ಯುತ್ ಕೆಲಸಕ್ಕೆ ಎನ್.ಆರ್. 10, ಇದರ ಮೂಲ ತರಬೇತಿ 40 ಗಂಟೆ. ಬಾಯ್ಲರ್, ಒತ್ತಡದ ಪಾತ್ರೆಗಳಿಗೆ ಎನ್.ಆರ್. 13. ಟ್ಯಾಂಕಿನ ಒಳಗಿನಂಥ ಇಕ್ಕಟ್ಟಿನ ಜಾಗಕ್ಕೆ ಎನ್.ಆರ್. 33. ಎತ್ತರದ ಕೆಲಸಕ್ಕೆ ಎನ್.ಆರ್. 35. ಗಲ್ಫ್‌ನಲ್ಲಿ ಎಷ್ಟು ಸೇಫ್ಟಿ ಕೋರ್ಸ್ ಮಾಡಿದ್ದರೂ ಇವನ್ನು ಅಲ್ಲಿ ಮಾಡಲೇಬೇಕು. ಈ ತರಬೇತಿಯ ಖರ್ಚು ಕಂಪನಿ ಕೊಡ್ತದಾ ಎಂದು ಕರಾರಿಗೆ ಮೊದಲೇ ಕೇಳಿಕೊಳ್ಳಿ. ವೆಲ್ಡಿಂಗ್ ಇನ್‌ಸ್ಪೆಕ್ಟರ್, ಎನ್.ಡಿ.ಟಿ. ಕೆಲಸದವರಿಗೂ ಅಲ್ಲಿನದ್ದೇ ಪ್ರಮಾಣಪತ್ರ ಸಂಸ್ಥೆಗಳಿವೆ.

ಎಲೆಕ್ಟ್ರಿಷಿಯನ್‌ಗಳಿಗೆ ಒಂದು ಸಣ್ಣ ಮಾತು. ಬ್ರೆಜಿಲ್‌ನಲ್ಲಿ ವಿದ್ಯುತ್ 60 ಹರ್ಟ್ಸ್, ನಮ್ಮಲ್ಲಿ 50. ನಾಲ್ಕು ಪೋಲಿನ ಮೋಟಾರಿನ ಲೆಕ್ಕ ನಮ್ಮಲ್ಲಿ ನಿಮಿಷಕ್ಕೆ 1,500 ಸುತ್ತು, ಅಲ್ಲಿ 1,800. ಮನೆಗಳಲ್ಲಿ ಒಂದು ಊರಲ್ಲಿ 127 ವೋಲ್ಟ್, ಇನ್ನೊಂದು ಊರಲ್ಲಿ 220. ಸೌದಿಯಲ್ಲಿ ದುಡಿದವರಿಗೆ 60 ಹರ್ಟ್ಸ್ ಹೊಸತಲ್ಲ. ಇಂಟರ್‌ವ್ಯೂನಲ್ಲಿ ಇದನ್ನು ಹೇಳಿದರೆ ಒಳ್ಳೆಯದೇ.

ಭಾಷೆಗೆ ಹೆದರಬೇಡಿ, ಆದರೆ ಬಿಡಲೂ ಬೇಡಿ

ಗಲ್ಫ್‌ನಲ್ಲಿ ಹಿಂದಿ, ಮಲಯಾಳ, ಹರಕು ಇಂಗ್ಲಿಷಿನಲ್ಲಿ ದಿನ ಹೋಗ್ತಿತ್ತು. ಬ್ರೆಜಿಲ್‌ನ ಕಾರ್ಖಾನೆಯಲ್ಲಿ ಫೋರ್‌ಮ್ಯಾನ್ ಮಾತಾಡುವುದು ಪೋರ್ಚುಗೀಸ್, ಎಚ್ಚರಿಕೆಯ ಬೋರ್ಡು ಪೋರ್ಚುಗೀಸ್, ಆಸ್ಪತ್ರೆಯಲ್ಲಿಯೂ ಪೋರ್ಚುಗೀಸ್.

ನಮ್ಮ ಕರಾವಳಿಯವರಿಗೆ ಅದು ಪೂರ್ತಿ ಅನ್ಯ ಭಾಷೆ ಅಲ್ಲ ನೋಡಿ. ಮೇಜು, ಚಾವಿ, ಸಾಬೂನು, ಜನೇಲು, ಪಗಾರ ಎಲ್ಲ ಪೋರ್ಚುಗೀಸಿನಿಂದ ಬಂದ ಶಬ್ದಗಳು. ನಮ್ಮ ಮೇಸ್ತ್ರಿಯೂ ಅಲ್ಲಿಂದಲೇ ಬಂದದ್ದು. ಬ್ರೆಜಿಲ್‌ನ ಕಟ್ಟಡ ಕೆಲಸದಲ್ಲಿ ಈಗಲೂ ಮೇಸ್ತ್ರಿಗೆ 'ಮೆಸ್ತ್ರಿ' ಎಂದೇ ಹೇಳ್ತಾರೆ. ಚಾವಿಗೆ 'ಶಾವಿ' ಎನ್ನುತ್ತಾರೆ, ಸ್ಪ್ಯಾನರಿಗೂ ಸ್ಕ್ರೂಡ್ರೈವರಿಗೂ ಅದೇ ಶಾವಿ ಶಬ್ದ ಸೇರಿಸುತ್ತಾರೆ. ಕೊಂಕಣಿ ಬರುವವರಿಗೆ ಇಂಥ ಶಬ್ದ ಇನ್ನೂ ಹೆಚ್ಚು ಸಿಗುತ್ತದೆ.

ದಿನಕ್ಕೆ ಒಂದು ಗಂಟೆಯಂತೆ ಆರು ತಿಂಗಳು ಕೂತರೆ ಕೆಲಸದ ಮಟ್ಟಿಗೆ ಮಾತು ಬರಲು ತೊಡಗುತ್ತದೆ. ಹೆಂಡತಿ ಮಕ್ಕಳೂ ಜೊತೆಗೆ ಕಲಿತರೆ ಮನೆಯಲ್ಲೇ ಅಭ್ಯಾಸ ಆಗ್ತದೆ. ಒಂದು ಪುಟದ ಪೋರ್ಚುಗೀಸ್ ಬಯೋಡೇಟಾ ತಯಾರು ಮಾಡಿ, ಹತ್ತು ನಿಮಿಷ ನಿಮ್ಮ ಕೆಲಸದ ಬಗ್ಗೆ ಪೋರ್ಚುಗೀಸಿನಲ್ಲಿ ಮಾತಾಡಲು ಅಭ್ಯಾಸ ಮಾಡಿ. ಐವತ್ತೆರಡರ ವಯಸ್ಸಿನಲ್ಲಿ ಹೊಸ ಭಾಷೆ ಕಲಿತ ಮನುಷ್ಯನನ್ನು "ಇವರಿಗೆ ಇನ್ನು ಹೊಸತು ಕಲಿಯಲು ಆಗಲಿಕ್ಕಿಲ್ಲ" ಎಂದು ಯಾರೂ ಹೇಳುವುದಿಲ್ಲ.

ವಯಸ್ಸಿನ ಬಗ್ಗೆ ಕಾನೂನು ಮತ್ತು ವಾಸ್ತವ

ಬ್ರೆಜಿಲ್‌ನ 1988ರ ಸಂವಿಧಾನ ವಯಸ್ಸಿನ ಕಾರಣಕ್ಕೆ ಸಂಬಳದಲ್ಲಿ, ಕೆಲಸಕ್ಕೆ ತೆಗೆದುಕೊಳ್ಳುವುದರಲ್ಲಿ ಭೇದ ಮಾಡಬಾರದು ಎನ್ನುತ್ತದೆ. 1995ರ ಇನ್ನೊಂದು ಕಾನೂನೂ ಇದನ್ನೇ ಗಟ್ಟಿ ಮಾಡಿದೆ. ಅರವತ್ತು ದಾಟಿದವರಿಗೆ 2003ರ ಹಿರಿಯರ ಕಾನೂನಿನ ರಕ್ಷಣೆ ಉಂಟು.

ಆದರೂ ವಾಸ್ತವ ಬೇರೆ. ವಯಸ್ಸಿನ ತಾರತಮ್ಯಕ್ಕೆ ಅಲ್ಲಿ 'ಎತಾರಿಜ್ಮೊ' ಎಂಬ ಶಬ್ದವೇ ಉಂಟು, ಪತ್ರಿಕೆಗಳಲ್ಲಿ ಬರ್ತಾ ಇರ್ತದೆ. ಅಲ್ಲಿನ ಐವತ್ತು ದಾಟಿದವರೇ ಕೆಲಸ ಸಿಗುವುದಿಲ್ಲ ಎಂದು ದೂರುತ್ತಾರೆ. 2024ರಲ್ಲಿ ಆ ದೇಶದ ನಿರುದ್ಯೋಗದ ಸರಾಸರಿ ಶೇಕಡಾ 6.6ಕ್ಕೆ ಇಳಿದು 2012ರಿಂದ ಈಚೆಗಿನ ಅತಿ ಕಡಿಮೆ ಪ್ರಮಾಣ ಆಯಿತು. ಕೆಲಸ ಇದೆ ಎಂಬುದು ನಿಜ, ಆದರೆ ವಯಸ್ಸಾದ ವಿದೇಶಿಗೆ ಅದು ತಾನಾಗಿ ಬರುವುದಿಲ್ಲ. ಬಯೋಡೇಟಾದಲ್ಲಿ ಹುಟ್ಟಿದ ದಿನಾಂಕವನ್ನು ಮೇಲೆ ದೊಡ್ಡದಾಗಿ ಹಾಕುವ ನಮ್ಮ ಅಭ್ಯಾಸ ಬೇಡ. ಮೇಲೆ ಇರಬೇಕಾದದ್ದು ನಿಮ್ಮ ವಿಶೇಷ ಕೆಲಸ. ಕಿರಿಯರಿಗೆ ಕಲಿಸಿದ್ದು, ತಂಡ ನಡೆಸಿದ್ದು, ಅಪಘಾತ ಇಲ್ಲದೆ ಕೆಲಸ ಮುಗಿಸಿದ್ದು, ಇವೆಲ್ಲ ವಯಸ್ಸಿನಿಂದ ಬಂದ ಗುಣಗಳು. ಅವನ್ನು ಬರೆಯಿರಿ.

ದುಡ್ಡಿನ ಲೆಕ್ಕ ಮನೆಯಲ್ಲೇ ಮಾಡಿ

ಬ್ರೆಜಿಲ್‌ನ ಹಣದ ಹೆಸರು ರಿಯಲ್. ಹೆಸರು ಕೇಳಿ ಸೌದಿ ರಿಯಾಲ್ ಎಂದು ತಿಳಿಯಬೇಡಿ. 2025ರಲ್ಲಿ ಸೌದಿ ರಿಯಾಲಿಗೆ 23, 24 ರೂಪಾಯಿ ಇದ್ದಾಗ ಬ್ರೆಜಿಲ್ ರಿಯಲಿಗೆ 15, 16 ರೂಪಾಯಿ ಆಸುಪಾಸು. ಅದೂ ಏರಿಳಿಯುತ್ತಾ ಇರ್ತದೆ. 2025ರಲ್ಲಿ ಅಲ್ಲಿನ ಕನಿಷ್ಠ ಸಂಬಳ ತಿಂಗಳಿಗೆ 1,518 ರಿಯಲ್.

ಗಲ್ಫ್‌ನಲ್ಲಿ ಆದಾಯ ತೆರಿಗೆ ಇರಲಿಲ್ಲ, ಅಲ್ಲಿ ಉಂಟು. 2026ರಿಂದ ತಿಂಗಳಿಗೆ 5,000 ರಿಯಲ್‌ವರೆಗಿನ ಸಂಬಳಕ್ಕೆ ತೆರಿಗೆ ಇಲ್ಲ, ಅದಕ್ಕೂ ಹೆಚ್ಚಿನ ಸಂಬಳಕ್ಕೆ ಮೇಲೆ ಹೋದ ಹಾಗೆ ತೆರಿಗೆ ಶೇಕಡಾ 27.5ರವರೆಗೆ ಏರುತ್ತದೆ. ಜೊತೆಗೆ ಐ.ಎನ್.ಎಸ್.ಎಸ್. ಎಂಬ ಸಾಮಾಜಿಕ ಭದ್ರತೆಗೆ ಸಂಬಳದಿಂದ ಕಡಿತ.

ಕಾನೂನುಬದ್ಧ ನೌಕರನಿಗೆ ಸೌಲಭ್ಯಗಳೂ ಒಳ್ಳೆಯದೇ. ವಾರಕ್ಕೆ 44 ಗಂಟೆ ಕೆಲಸ, ವರ್ಷಕ್ಕೆ ಹದಿಮೂರನೇ ತಿಂಗಳ ಸಂಬಳ, 30 ದಿನ ರಜೆ ಮತ್ತು ಆ ರಜೆಗೆ ಮೂರನೇ ಒಂದು ಭಾಗ ಹೆಚ್ಚು ಹಣ. ಎಫ್.ಜಿ.ಟಿ.ಎಸ್. ಎಂಬ ನಿಧಿಗೆ ಕಂಪನಿ ತನ್ನ ಕೈಯಿಂದ ಸಂಬಳದ ಶೇಕಡಾ 8 ಹಾಕಬೇಕು. 6,000 ರಿಯಲ್ ಸಂಬಳಕ್ಕೆ ತಿಂಗಳಿಗೆ 480 ರಿಯಲ್ ಆಯಿತು. ಕಾರಣ ಇಲ್ಲದೆ ಕೆಲಸದಿಂದ ತೆಗೆದರೆ ಆ ನಿಧಿಯ ಮೇಲೆ ಶೇಕಡಾ 40 ಹೆಚ್ಚು ಕೊಡಬೇಕು. "ನೌಕರನಾಗಿ ಬೇಡ, ಸ್ವಂತ ಕಂಪನಿ ಮಾಡಿ ಬಿಲ್ ಕೊಡಿ" ಎಂದು ಕೆಲವರು ಹೇಳುತ್ತಾರೆ. ಹಾಗೆ ಮಾಡಿದರೆ ಈ ಯಾವ ಸೌಲಭ್ಯವೂ ಇಲ್ಲ.

ಈಗ ವಯಸ್ಸಾದವರು ಮುಖ್ಯವಾಗಿ ನೋಡಬೇಕಾದ ಲೆಕ್ಕ. 2019ರ ಸುಧಾರಣೆಯ ನಂತರ ಹೊಸದಾಗಿ ಸೇರಿದ ಗಂಡಸಿಗೆ ಅಲ್ಲಿ ಪಿಂಚಣಿ ಬೇಕಾದರೆ 65 ವರ್ಷ ವಯಸ್ಸು ಮತ್ತು 20 ವರ್ಷದ ವಂತಿಗೆ ಬೇಕು. ಹೆಂಗಸರಿಗೆ 62 ವರ್ಷ ಮತ್ತು 15 ವರ್ಷದ ವಂತಿಗೆ. 52ರಲ್ಲಿ ಹೋದವರಿಗೆ 20 ವರ್ಷ ತುಂಬುವಾಗ 72! ಹಾಗಾಗಿ ಅಲ್ಲಿನ ಪಿಂಚಣಿಯನ್ನು ನಂಬಿ ಹೋಗಬೇಡಿ. ಎಫ್.ಜಿ.ಟಿ.ಎಸ್. ಮತ್ತು ನಿಮ್ಮ ಉಳಿತಾಯ, ಇವೆರಡೇ ಕೈಗೆ ಬರುವುದು ಎಂದು ತಿಳಿದು ಲೆಕ್ಕ ಹಾಕಿ. ಇಲ್ಲಿನ ಪಿ.ಎಫ್. ಖಾತೆ ಇದ್ದವರು ಎರಡು ದೇಶದ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ ತಮಗೆ ಅನ್ವಯಿಸುತ್ತದಾ ಎಂದು ಪಿ.ಎಫ್. ಕಚೇರಿಯಲ್ಲಿ ವಿಚಾರಿಸಿಕೊಂಡೇ ಹೊರಡಿ.

ಕಾಯಿಲೆಯ ವಿಷಯದಲ್ಲಿ ಒಂದು ಸಮಾಧಾನ ಉಂಟು. ಸೂಸ್ ಎಂಬ ಸರ್ಕಾರಿ ಆರೋಗ್ಯ ಸೇವೆ ವಿದೇಶಿಯರಿಗೂ ಉಚಿತ. ಖಾಸಗಿ ಆರೋಗ್ಯ ಯೋಜನೆ ಮಾತ್ರ ವಯಸ್ಸು ಹೆಚ್ಚಾದ ಹಾಗೆ ದುಬಾರಿ. 59 ದಾಟಿದವರಿಗೆ ಅತಿ ಹೆಚ್ಚಿನ ದರ, ಚಿಕ್ಕವರ ದರದ ಆರು ಪಟ್ಟಿನವರೆಗೂ ಹೋಗಬಹುದು. ಸಕ್ಕರೆ ಕಾಯಿಲೆ, ಬಿ.ಪಿ. ಇದ್ದವರು ಕಂಪನಿಯ ಯೋಜನೆಯಲ್ಲಿ ತಾವೂ ಹೆಂಡತಿಯೂ ಸೇರಿದ್ದಾರಾ ಎಂದು ಕರಾರಿನಲ್ಲಿ ನೋಡಬೇಕು.

ಏಜೆಂಟರ ಬಗ್ಗೆ ಎಚ್ಚರ

ಬ್ರೆಜಿಲ್ ಹೆಸರು ಹೇಳಿ ದುಡ್ಡು ಕೇಳುವವರಲ್ಲಿ ಇನ್ನೊಂದು ಅಪಾಯಕಾರಿ ಗುಂಪು ಉಂಟು. ಅವರ ಗುರಿ ಬ್ರೆಜಿಲ್ ಅಲ್ಲ, ಅಲ್ಲಿಂದ ಕಾಡು ದಾರಿಯಲ್ಲಿ ಅಮೆರಿಕಕ್ಕೆ ಸಾಗಿಸುವುದು. ಇದನ್ನು ತಡೆಯಲು ಬ್ರೆಜಿಲ್ ಸರ್ಕಾರ 2024ರ ಆಗಸ್ಟ್‌ನಲ್ಲಿ ಸಾವೊ ಪಾವ್ಲೊ ವಿಮಾನ ನಿಲ್ದಾಣದಲ್ಲಿ ನಿಯಮ ಬಿಗಿ ಮಾಡಿತು. ವೀಸಾ ಇಲ್ಲದೆ ಬೇರೆ ದೇಶಕ್ಕೆ ಹೋಗಲು ಅಲ್ಲಿ ಇಳಿದವರು ಮುಂದೆ ಹೋಗಬೇಕು ಇಲ್ಲವೇ ಹಿಂದೆ ಹೋಗಬೇಕು. 2025ರ ಫೆಬ್ರವರಿಯಲ್ಲಿ ಅಮೆರಿಕ ಮಿಲಿಟರಿ ವಿಮಾನದಲ್ಲಿ ಅಮೃತಸರಕ್ಕೆ ವಾಪಸು ಕಳುಹಿಸಿದ ಭಾರತೀಯರಲ್ಲಿ ಬ್ರೆಜಿಲ್ ದಾರಿ ಹಿಡಿದವರೂ ಇದ್ದರು. ಮನೆ, ಜಾಗ ಅಡವಿಟ್ಟು ಹೋದವರು ಕೈಗೆ ಕೋಳ ಹಾಕಿಸಿಕೊಂಡು ಬಂದರು.

ನೇಮಕಾತಿ ಏಜೆಂಟ್ ಭಾರತ ಸರ್ಕಾರದಲ್ಲಿ ನೋಂದಣಿ ಆಗಿರಲೇಬೇಕು. ಅವರ ಹೆಸರು ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಉಂಟಾ ನೋಡಿ. ಕಾನೂನು ಪ್ರಕಾರ ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ಮಾತ್ರ. ಲಕ್ಷಗಟ್ಟಲೆ ಕೇಳಿದರೆ ಅದು ಕೆಲಸಕ್ಕಲ್ಲ. ಬ್ರೆಜಿಲ್ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕಾದ ದೇಶಗಳ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ವಿಮಾನ ನಿಲ್ದಾಣದಲ್ಲಿ ನಿಮ್ಮ ಕರಾರು ನೋಡುವವರು ಯಾರೂ ಇಲ್ಲ, ನೋಡಿಕೊಳ್ಳಬೇಕಾದವರು ನೀವೇ.

ಹೋಗಿ ಇಳಿದ ಮೇಲೆ

ಕೆಲಸದ ವೀಸಾದಲ್ಲಿ ಹೋದವರು 90 ದಿನದ ಒಳಗೆ ಫೆಡರಲ್ ಪೊಲೀಸ್ ಕಚೇರಿಯಲ್ಲಿ ನೋಂದಣಿ ಮಾಡಿಸಿ ವಲಸಿಗರ ಗುರುತಿನ ಚೀಟಿ ಪಡೆಯಬೇಕು. ಸಿ.ಪಿ.ಎಫ್. ಎಂಬ ತೆರಿಗೆ ಸಂಖ್ಯೆ ಇಲ್ಲದೆ ಬ್ಯಾಂಕ್ ಖಾತೆಯೂ ಇಲ್ಲ, ಫೋನಿನ ಸಿಮ್ಮೂ ಇಲ್ಲ. 'ಕಾರ್ತೇರಾ ದೆ ತ್ರಬಾಲ್ಯೊ' ಎಂಬ ಕೆಲಸದ ಪುಸ್ತಕದಲ್ಲಿ ನಿಮ್ಮ ಕೆಲಸ ದಾಖಲಾಗಿರಬೇಕು. 2019ರಿಂದ ಅದು ಮೊಬೈಲಿನಲ್ಲೇ ಸಿಗ್ತದೆ, ದಾಖಲೆ ಆಗಿದೆಯಾ ಎಂದು ನೀವೇ ನೋಡಬಹುದು.

ಕಷ್ಟ ಬಂದರೆ ಹೋಗಲು ಒಂದು ಜಾಗ ಗೊತ್ತಿರಲಿ. ಸಾವೊ ಪಾವ್ಲೊ ನಗರದ ಗ್ಲಿಸೇರಿಯೊದಲ್ಲಿ ಸ್ಕಾಲಬ್ರಿನಿ ಸಭೆಯ ಗುರುಗಳು ನಡೆಸುವ ಮಿಸಾವೊ ಪಾಜ್ ಎಂಬ ವಲಸಿಗರ ಕೇಂದ್ರ ಉಂಟು. ಯಾವ ದೇಶ, ಯಾವ ಧರ್ಮ ಎಂದು ಕೇಳದೆ ಪೋರ್ಚುಗೀಸ್ ತರಗತಿ, ದಾಖಲೆಯ ಸಲಹೆ, ಕೆಲಸ ಹುಡುಕಲು ನೆರವು ಕೊಡುತ್ತಾರೆ. ವಿಳಾಸ ಬರೆದು ಪಾಸ್‌ಪೋರ್ಟಿನ ಜೊತೆ ಇಟ್ಟುಕೊಳ್ಳಿ.

ಕೊನೆಯದಾಗಿ

ಹೊರಡುವ ತೀರ್ಮಾನ ಒಬ್ಬರದ್ದೇ ಆಗಬಾರದು. ಗಂಡ ಹೆಂಡತಿ ಇಬ್ಬರೂ ಒಂದು ಸಂಜೆ ಕಾಗದ ಪೆನ್ನು ಹಿಡಿದು ಕುಳಿತು ಐದು ಪ್ರಶ್ನೆಗೆ ಉತ್ತರ ಬರೆಯಿರಿ. ಕರಾರು ಕೊಡುವ ಕಂಪನಿ ಯಾವುದು, ವೀಸಾ ಅರ್ಜಿ ಅವರೇ ಹಾಕಿದ್ದಾರಾ? ನನ್ನ ಅನುಭವದ ಪತ್ರಗಳು ಸರಿ ಉಂಟಾ? ಪೋರ್ಚುಗೀಸಿನಲ್ಲಿ ಹತ್ತು ನಿಮಿಷ ಮಾತಾಡಬಲ್ಲೆನಾ? ತೆರಿಗೆ, ಬಾಡಿಗೆ ಕಳೆದು ಊರಿಗೆ ಎಷ್ಟು ಕಳುಹಿಸಬಹುದು? ಎರಡು ವರ್ಷದ ನಂತರ ಕರಾರು ಮುಗಿದರೆ ಮುಂದೇನು?

ಐದಕ್ಕೂ ಉತ್ತರ ಇದ್ದರೆ ಧೈರ್ಯವಾಗಿ ಹೊರಡಿ, ವಯಸ್ಸು ಅಡ್ಡಿ ಅಲ್ಲ. ಎರಡಕ್ಕೆ ಮಾತ್ರ ಇದ್ದರೆ ಉಳಿದ ಮೂರನ್ನು ಇಲ್ಲಿಯೇ ಸರಿ ಮಾಡಿಕೊಂಡು ಹೊರಡಿ. ಒಂದಕ್ಕೂ ಇಲ್ಲದಿದ್ದರೆ ಟಿಕೆಟಿನ ದುಡ್ಡನ್ನು ಬ್ಯಾಂಕಿನಲ್ಲೇ ಇಡಿ. ಇಷ್ಟು ವರ್ಷ ಬೆವರು ಸುರಿಸಿ ಸಂಪಾದಿಸಿದ್ದು ಅದು, ಯಾರದ್ದೋ ಬಾಯಿಮಾತಿಗೆ ಹೋಗಬಾರದು.